ಮಳೆಯ ಪಟ್ಟಿಯಲ್ಲೊಂದು ಖಾಲಿ ಮನೆ: ಜಾವಾಸ್ಕ್ರಿಪ್ಟಿನ ‘ಅನ್‌ಡಿಫೈನ್ಡ್’ ದೋಷ ಮತ್ತು ಪರಿಹಾರ

ಅಂತರಜಾಲದ ಪುಟಗಳನ್ನು ನೋಡುವಾಗ ‘ಸ್ವಾಗತ, ಅನ್‌ಡಿಫೈನ್ಡ್’ ಎಂಬ ವಿಚಿತ್ರ ಸಂಬೋಧನೆಯನ್ನೋ, ಮೊತ್ತ ಇರಬೇಕಾದ ಜಾಗದಲ್ಲಿ ‘ನ್ಯಾನ್’ ಎಂಬ ಮೂರಕ್ಷರದ ಇಂಗ್ಲಿಷ್ ಪದವನ್ನೋ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಮನೆಯ ಮಕ್ಕಳು ಶಾಲೆಯಲ್ಲಿ ಪ್ರೋಗ್ರಾಮಿಂಗ್ ಕಲಿಯಲು ತೊಡಗಿದಾಗ ಮೊದಲ ವಾರದಲ್ಲಿಯೇ ಎದುರಾಗುವ ತೊಡಕೂ ಇದೇ. ಈ ದೋಷ ಏಕೆ ಬರುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚಬೇಕು, ಯಾವ ಪರಿಹಾರ ನಿಜವಾದದ್ದು, ಯಾವುದು ಕೇವಲ ಮುಚ್ಚಿಡುವಂಥದ್ದು ಎಂಬುದನ್ನು ಕನ್ನಡದಲ್ಲಿ ಒಂದೆಡೆ ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಯನ್ನು ನಾವು ಚೆನ್ನೈ ಕನ್ನಡಿಗರಿಗೆ ಪರಿಚಿತವಾದ ನುಂಗಂಬಾಕ್ಕಂ ಬಡಾವಣೆಯಿಂದಲೇ ಆಯ್ದುಕೊಂಡಿದ್ದೇವೆ.

ಒಂದು ಸೂಚನೆ. ಜಾವಾಸ್ಕ್ರಿಪ್ಟಿನ ಸ್ವಂತ ಪದಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಗಣಕಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಆದರೆ ನಾವು ಇಡುವ ಹೆಸರುಗಳು ಕನ್ನಡದಲ್ಲಿರಬಹುದು. ಯೂನಿಕೋಡ್ ಅಕ್ಷರಗಳ ಹೆಸರುಗಳನ್ನು ಈ ಭಾಷೆ ಒಪ್ಪುತ್ತದೆಯಾದ್ದರಿಂದ ‘ದಿನ.ಮಳೆ.ಪ್ರಮಾಣ’ ಎಂಬುದು ಹಾಗೆಯೇ ನಡೆಯುವ ಕೋಡ್.

ಹಿನ್ನೆಲೆ

ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ರೂಪಿಸಿದರು. ಅದರ ಮೊದಲ ಮಾದರಿ ಹತ್ತು ದಿನಗಳಲ್ಲಿ ಸಿದ್ಧವಾಯಿತೆಂಬುದು ಪ್ರಸಿದ್ಧ ಸಂಗತಿ. 1997ರಲ್ಲಿ ‘ಎಕ್ಮಾಸ್ಕ್ರಿಪ್ಟ್’ ಎಂಬ ಹೆಸರಿನಲ್ಲಿ ಅದರ ಮೊದಲ ಅಧಿಕೃತ ಮಾನಕ ಹೊರಬಂದಿತು. ಇಂದು ಜಗತ್ತಿನ ಬಹುಪಾಲು ಜಾಲತಾಣಗಳು ಬ್ರೌಸರಿನಲ್ಲಿ ಚಲನಶೀಲವಾಗಿರುವುದು ಇದೇ ಭಾಷೆಯಿಂದ.

‘ಏನೂ ಇಲ್ಲ’ ಎಂಬುದನ್ನು ಸೂಚಿಸಲು ಬಹುತೇಕ ಭಾಷೆಗಳಲ್ಲಿ ‘ನಲ್’ ಎಂಬ ಒಂದೇ ಪದವಿದೆ. ಈ ಕಲ್ಪನೆಯನ್ನು 1965ರಲ್ಲಿ ‘ಆಲ್ಗಾಲ್ ಡಬ್ಲ್ಯೂ’ ಭಾಷೆಗಾಗಿ ತಂದವರು ಬ್ರಿಟಿಷ್ ವಿಜ್ಞಾನಿ ಟೋನಿ ಹೋರ್. ಅದರಿಂದ ನಂತರ ಉಂಟಾದ ದೋಷಗಳನ್ನು ಕಂಡು, 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಕರೆದುಕೊಂಡರು. ಜಾವಾಸ್ಕ್ರಿಪ್ಟಿನಲ್ಲಿಯಾದರೋ ‘ಇಲ್ಲ’ ಎಂಬುದಕ್ಕೆ ಒಂದಲ್ಲ, ಎರಡು ಮೌಲ್ಯಗಳಿವೆ: ‘ನಲ್’ ಮತ್ತು ‘ಅನ್‌ಡಿಫೈನ್ಡ್’. ಗೊಂದಲದ ಬಹುಭಾಗ ಹುಟ್ಟುವುದು ಇಲ್ಲಿಯೇ. ಆದರೆ ಸರಿಯಾಗಿ ಬಳಸಿಕೊಂಡರೆ ಈ ಎರಡು ಪದಗಳಿಂದ ಅನುಕೂಲವೂ ಉಂಟು.

ನುಂಗಂಬಾಕ್ಕಂ ಮಳೆಯ ದಾಖಲೆ

ಈಸ್ಟ್ ಇಂಡಿಯಾ ಕಂಪನಿಯ ಮದರಾಸು ವೀಕ್ಷಣಾಲಯ 1792ರಲ್ಲಿ ನುಂಗಂಬಾಕ್ಕಂನಲ್ಲಿ ನೆಲೆಗೊಂಡಿತು. 1861ರಲ್ಲಿ ಎನ್. ಆರ್. ಪಾಗ್ಸನ್ ಅವರು ‘ಏಷ್ಯಾ’ ಎಂಬ ಕ್ಷುದ್ರಗ್ರಹವನ್ನು ಗುರುತಿಸಿದ್ದೂ, ಆ ದಶಕದಲ್ಲಿ ಚಿಂತಾಮಣಿ ರಘುನಾಥಾಚಾರಿ ಅವರು ವೀಕ್ಷಣೆ ನಡೆಸಿದ್ದೂ ಇಲ್ಲಿಯೇ. 1899ರ ವೇಳೆಗೆ ಖಗೋಳ ವೀಕ್ಷಣೆಯ ಮುಖ್ಯ ಕೆಲಸ ಕೊಡೈಕೆನಾಲಿಗೆ ವರ್ಗವಾಯಿತು. ಅದೇ ಪರಂಪರೆಯ ಇಂದಿನ ವಾರಸುದಾರ ಸಂಸ್ಥೆ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಎಂಬುದು ಕನ್ನಡಿಗರಿಗೆ ಸ್ವಾರಸ್ಯಕರ ಸಂಗತಿ. ನುಂಗಂಬಾಕ್ಕಂನಲ್ಲಿ ಹವಾಮಾನ ವೀಕ್ಷಣೆ ಮುಂದುವರಿಯಿತು. ಕಾಲೇಜು ರಸ್ತೆಯಲ್ಲಿರುವ ಪ್ರಾದೇಶಿಕ ಹವಾಮಾನ ಕೇಂದ್ರವೇ ಇಂದು ಆ ಕೆಲಸವನ್ನು ನಡೆಸುತ್ತಿದೆ. ಸುದ್ದಿಯಲ್ಲಿ ‘ನುಂಗಂಬಾಕ್ಕಂನಲ್ಲಿ ಇಷ್ಟು, ಮೀನಂಬಾಕ್ಕಂನಲ್ಲಿ ಇಷ್ಟು’ ಎಂದು ನಾವು ಓದುವ ಮಳೆಯ ಲೆಕ್ಕಗಳಲ್ಲಿ ಮೊದಲನೆಯದು ಇಲ್ಲಿಯದು.

ಮಳೆಯ ಪುಸ್ತಕದ ಕ್ರಮ ಕಟ್ಟುನಿಟ್ಟಾದದ್ದು. ಭಾರತೀಯ ಸಮಯ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆಯುತ್ತಾರೆ. ಒಂದು ದಿನ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಮಾತ್ರ ಅದು ‘ಮಳೆ ದಿನ’. 0.1 ಮಿ.ಮೀ.ಗಿಂತ ಕಡಿಮೆ ಹನಿದರೆ ‘ಲೇಶಮಾತ್ರ’ ಎಂಬ ಬೇರೆ ಗುರುತು. ಮಳೆಯೇ ಬಾರದಿದ್ದರೆ ಸೊನ್ನೆ. ಇನ್ನು, ಅಳತೆಯೇ ಆಗಿರದಿದ್ದರೆ ಅಥವಾ ಅಳೆದದ್ದು ಪುಸ್ತಕಕ್ಕೆ ಸೇರಿರದಿದ್ದರೆ, ಅಲ್ಲಿ ಸೊನ್ನೆ ಬರೆಯುವಂತಿಲ್ಲ. ‘ದಾಖಲೆ ಇಲ್ಲ’ ಎಂದೇ ಬಿಡಬೇಕು.

ಈ ವ್ಯತ್ಯಾಸ ಸಣ್ಣದಲ್ಲ. 1976ರ ನವೆಂಬರಿನಲ್ಲಿ ಇಲ್ಲಿ ಒಂದೇ ದಿನದ ಲೆಕ್ಕದಲ್ಲಿ ಸುಮಾರು 45 ಸೆಂ.ಮೀ. ಮಳೆ ದಾಖಲಾಯಿತು. ವರ್ಷವಿಡೀ ಬೀಳುವ ಮಳೆ ಸರಾಸರಿ 140 ಸೆಂ.ಮೀ. ಆಸುಪಾಸಿನದಾದ ಊರಿನಲ್ಲಿ ಅಂತಹ ಒಂದು ದಿನದ ಮನೆ ಖಾಲಿ ಉಳಿದು, ಯಾರೋ ಅದನ್ನು ಸೊನ್ನೆಯೆಂದು ಓದಿಕೊಂಡರೆ, ಆ ವರ್ಷದ ಮಳೆಯ ಮೂರನೆಯ ಒಂದು ಪಾಲು ಲೆಕ್ಕದಿಂದಲೇ ಮಾಯವಾಗುತ್ತದೆ. ಇನ್ನೊಂದು ಬದಿಯಲ್ಲಿ, 2018ರ ಕೊನೆಯಿಂದ 2019ರ ಜೂನ್ ವರೆಗೆ ಹೇಳಿಕೊಳ್ಳುವಂತಹ ಮಳೆಯಿಲ್ಲದೆ ಪುಳಲ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿ, ನಮ್ಮ ಬೀದಿಗಳಲ್ಲಿ ನೀರಿನ ಲಾರಿಗಾಗಿ ಜನ ಕಾದಾಗ ಪುಸ್ತಕದಲ್ಲಿದ್ದ ಸೊನ್ನೆಗಳು ನಿಜವಾದ ಸೊನ್ನೆಗಳು. ಆ ಸೊನ್ನೆಗಳನ್ನು ‘ಮಾಹಿತಿ ಇಲ್ಲ’ ಎಂದು ತೋರಿಸುವುದೂ ಅಷ್ಟೇ ತಪ್ಪು.

ಜಾವಾಸ್ಕ್ರಿಪ್ಟಿನ ಅನ್‌ಡಿಫೈನ್ಡ್ ದೋಷ ನಮ್ಮ ಮುಂದಿಡುವ ಪ್ರಶ್ನೆ ಇದೇ: ಈ ಮನೆ ಖಾಲಿ ಇರುವುದು ಯಾವ ಅರ್ಥದಲ್ಲಿ?

‘ಇಲ್ಲ’ ಎಂಬುದರ ಬಗೆಗಳು

ಮುಂದಿನ ವಿವರಣೆಗಾಗಿ ಒಂದು ವಾರದ ಮಳೆಯ ಪಟ್ಟಿಯನ್ನು ಕಲ್ಪಿಸಿಕೊಳ್ಳೋಣ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ: ಸೋಮವಾರ 12, ಮಂಗಳವಾರ 0, ಬುಧವಾರ ದಾಖಲೆ ಇಲ್ಲ, ಗುರುವಾರ 36, ಶುಕ್ರವಾರ 0, ಶನಿವಾರ 6, ಭಾನುವಾರ 18 ಮಿ.ಮೀ.

ಸೊನ್ನೆ: ಇದು ಪೂರ್ಣ ಪ್ರಮಾಣದ ಸಂಖ್ಯೆ. ಅಳೆದು ನೋಡಿ ‘ಮಳೆ ಬಂದಿಲ್ಲ’ ಎಂದು ಬರೆದದ್ದು.

ನಲ್: ಪ್ರೋಗ್ರಾಂ ಬರೆದವರು ಉದ್ದೇಶಪೂರ್ವಕವಾಗಿ ‘ಇಲ್ಲಿ ಮೌಲ್ಯವಿಲ್ಲ’ ಎಂದು ಇಟ್ಟ ಗುರುತು. ಪುಸ್ತಕದಲ್ಲಿ ಗೆರೆ ಎಳೆದು ಬಿಟ್ಟ ಮನೆಯಂತೆ.

ಅನ್‌ಡಿಫೈನ್ಡ್: ಯಾರೂ ಏನನ್ನೂ ಇಟ್ಟಿಲ್ಲ. ಕೇಳಿದ ಜಾಗದಲ್ಲಿ ಏನೂ ಕಾಣದಿದ್ದಾಗ ಭಾಷೆಯೇ ಕೊಡುವ ಉತ್ತರ.

ರೆಫರೆನ್ಸ್‌ಎರರ್: ‘ಈಸ್ ನಾಟ್ ಡಿಫೈನ್ಡ್’ ಎಂಬ ಸಂದೇಶ. ಹೆಸರು ಹೋಲುತ್ತದೆಯಾದರೂ ಇದು ಬೇರೆಯೇ ದೋಷ. ಅನ್‌ಡಿಫೈನ್ಡ್ ಎಂದರೆ ಡಬ್ಬವಿದೆ, ಒಳಗೆ ಏನೂ ಇಲ್ಲ. ನಾಟ್ ಡಿಫೈನ್ಡ್ ಎಂದರೆ ಆ ಹೆಸರಿನ ಡಬ್ಬವೇ ಇಲ್ಲ. ಎರಡನೆಯದಕ್ಕೆ ಕಾಗುಣಿತದ ತಪ್ಪು ಅಥವಾ ಸೇರಿಸಲು ಮರೆತ ಕಡತ ಸಾಮಾನ್ಯ ಕಾರಣ.

ನ್ಯಾನ್: ‘ಸಂಖ್ಯೆಯಲ್ಲ’ ಎಂಬರ್ಥದ ಮೌಲ್ಯ. ಅನ್‌ಡಿಫೈನ್ಡ್ ಅನ್ನು ಸಂಖ್ಯೆಯೊಡನೆ ಕೂಡಿಸಿದರೆ ಬರುವ ಫಲ ಇದು. ಒಮ್ಮೆ ನ್ಯಾನ್ ಸೇರಿದರೆ ಮುಂದಿನ ಕೂಡಿಕೆಗಳೆಲ್ಲ ನ್ಯಾನ್ ಆಗುತ್ತವೆ.

ಗಮನಿಸಬೇಕಾದ ಒಂದು ವಿಶೇಷವಿದೆ. ಅನ್‌ಡಿಫೈನ್ಡ್ ಲೆಕ್ಕವನ್ನು ಕೆಡಿಸುತ್ತದೆ, ನಲ್ ಕೆಡಿಸುವುದಿಲ್ಲ. ನಲ್ ಅನ್ನು ಸಂಖ್ಯೆಗೆ ಕೂಡಿಸಿದರೆ ಜಾವಾಸ್ಕ್ರಿಪ್ಟ್ ಅದನ್ನು ಸೊನ್ನೆಯೆಂದೇ ಭಾವಿಸುತ್ತದೆ. ಮೇಲ್ನೋಟಕ್ಕೆ ನಲ್ ಸಾಧುವಾಗಿ ಕಾಣುತ್ತದೆ. ಆದರೆ ನ್ಯಾನ್ ಎಂದು ಕೂಗಿ ಹೇಳುವ ಅನ್‌ಡಿಫೈನ್ಡ್‌ಗಿಂತ, ಸದ್ದಿಲ್ಲದೆ ಸೊನ್ನೆಯಾಗುವ ನಲ್ ಹೆಚ್ಚು ಅಪಾಯಕಾರಿ.

ದೋಷ ಸಂದೇಶವನ್ನು ಓದುವ ಬಗೆ

ಬುಧವಾರದ ದಾಖಲೆಯಲ್ಲಿ ‘ಮಳೆ’ ಎಂಬ ಭಾಗವೇ ಇಲ್ಲವೆಂದುಕೊಳ್ಳೋಣ. ನಮ್ಮ ಕೋಡ್ ಹೀಗಿದೆ:

ದಿನ.ಮಳೆ.ಪ್ರಮಾಣ

ಬುಧವಾರದ ಸರದಿ ಬಂದಾಗ ಕ್ರೋಮ್ ಬ್ರೌಸರ್ ‘ಕ್ಯಾನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್ (ರೀಡಿಂಗ್ ‘ಪ್ರಮಾಣ’)’ ಎನ್ನುತ್ತದೆ. ಫೈರ್‌ಫಾಕ್ಸ್ ‘ದಿನ.ಮಳೆ ಈಸ್ ಅನ್‌ಡಿಫೈನ್ಡ್’ ಎನ್ನುತ್ತದೆ. ಸಫಾರಿ ‘ಅನ್‌ಡಿಫೈನ್ಡ್ ಈಸ್ ನಾಟ್ ಆನ್ ಆಬ್ಜೆಕ್ಟ್’ ಎಂದು ಆರಂಭಿಸುತ್ತದೆ. ಮೂರೂ ಹೇಳುವುದು ಒಂದೇ ಸಂಗತಿ.

ಕಲಿಯುವವರು ಇಲ್ಲಿ ಸಾಮಾನ್ಯವಾಗಿ ‘ಪ್ರಮಾಣ’ ಎಂಬ ಹೆಸರಿನ ಬೆನ್ನು ಹತ್ತುತ್ತಾರೆ. ತಪ್ಪಿರುವುದು ಅಲ್ಲಲ್ಲ. ಸಂದೇಶದಲ್ಲಿ ಹೆಸರಿಸಿದ ಪ್ರಾಪರ್ಟಿಯ ಎಡಕ್ಕಿರುವ ಚುಕ್ಕೆಯನ್ನು ನೋಡಬೇಕು. ಆ ಚುಕ್ಕೆಯ ಎಡಗಡೆ ಇರುವುದೇ ಅನ್‌ಡಿಫೈನ್ಡ್. ‘ದಿನ.ಮಳೆ’ ಖಾಲಿ, ಖಾಲಿಯೊಳಗೆ ‘ಪ್ರಮಾಣ’ವನ್ನು ಹುಡುಕಿದ್ದರಿಂದ ಪ್ರೋಗ್ರಾಂ ನಿಂತಿತು.

ಇನ್ನೊಂದು ಸೂಕ್ಷ್ಮ: ‘ದಿನ.ಮಳೆ’ ಎಂದಷ್ಟೇ ಕೇಳಿದ್ದರೆ ಯಾವ ದೋಷವೂ ಬರುತ್ತಿರಲಿಲ್ಲ. ಇಲ್ಲದ ಪ್ರಾಪರ್ಟಿಯನ್ನು ಕೇಳಿದರೆ ಜಾವಾಸ್ಕ್ರಿಪ್ಟ್ ಮೌನವಾಗಿ ಅನ್‌ಡಿಫೈನ್ಡ್ ಕೊಡುತ್ತದೆ. ಆ ಅನ್‌ಡಿಫೈನ್ಡ್ ಒಳಗೆ ಮತ್ತೇನನ್ನೋ ಕೇಳಿದಾಗಲಷ್ಟೇ ಅದು ಪ್ರತಿಭಟಿಸುತ್ತದೆ. ಆದ್ದರಿಂದ ದೋಷ ಕಾಣಿಸಿದ ಸಾಲು ಬೇರೆ, ದೋಷ ಹುಟ್ಟಿದ ಸಾಲು ಬೇರೆ ಆಗಿರುವುದೇ ಹೆಚ್ಚು. ಸಂದೇಶದ ಕೆಳಗೆ ಬ್ರೌಸರ್ ಕೊಡುವ ಫಂಕ್ಷನ್‌ಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ, ಖಾಲಿ ಮೌಲ್ಯ ಯಾವ ಬಾಗಿಲಿನಿಂದ ಒಳಬಂದಿತೆಂಬುದನ್ನು ಹಿಂಬಾಲಿಸಬೇಕು. ಕನ್ಸೋಲ್ ತೆರೆದು ಇಡೀ ‘ದಿನ’ವನ್ನು ಮುದ್ರಿಸಿ ನೋಡುವುದು ಅತ್ಯಂತ ಸರಳ ಉಪಾಯ.

ಸಾಮಾನ್ಯ ಕಾರಣಗಳು

1. ಮೌಲ್ಯ ಕೊಡದ ವೇರಿಯಬಲ್. ಹೆಸರನ್ನು ಘೋಷಿಸಿ ಏನನ್ನೂ ಇಡದಿದ್ದರೆ ಅದು ಅನ್‌ಡಿಫೈನ್ಡ್.

2. ಇಲ್ಲದ ಪ್ರಾಪರ್ಟಿ. ಇಂಗ್ಲಿಷ್ ಹೆಸರುಗಳಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸವೂ ಸಾಕು. ಸ್ಥಳನಾಮಗಳಲ್ಲಿ ಈ ತೊಡಕು ಹೆಚ್ಚು. ಒಬ್ಬರು ‘ನುಂಗಂಬಾಕ್ಕಂ’ ಎಂದು ಬರೆದ ಪಟ್ಟಿಯಲ್ಲಿ ಇನ್ನೊಬ್ಬರು ‘ನುಂಗಂಬಾಕಂ’ ಎಂದು ಹುಡುಕಿದರೆ ಉತ್ತರ ಅನ್‌ಡಿಫೈನ್ಡ್.

3. ಅರೇ ಎಂಬ ಸಾಲುಪಟ್ಟಿಯ ಎಲ್ಲೆ ಮೀರುವುದು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಏಳು ದಿನಗಳ ಪಟ್ಟಿಯಲ್ಲಿ ಕೊನೆಯ ಸ್ಥಾನ 6. ಏಳನೆಯ ಸ್ಥಾನವನ್ನು ಕೇಳಿದರೆ ಅಲ್ಲಿ ಏನೂ ಇರುವುದಿಲ್ಲ.

4. ಉತ್ತರ ಹಿಂದಿರುಗಿಸದ ಫಂಕ್ಷನ್. ಲೆಕ್ಕ ಮಾಡಿ ‘ರಿಟರ್ನ್’ ಬರೆಯಲು ಮರೆತರೆ ಕರೆದವರ ಕೈಗೆ ಸಿಗುವುದು ಅನ್‌ಡಿಫೈನ್ಡ್. ಬಾಣದ ಗುರುತಿನ ಫಂಕ್ಷನ್‌ನಲ್ಲಿ ಪುಷ್ಪಾವರಣ ಹಾಕಿದೊಡನೆ ರಿಟರ್ನ್ ಕಡ್ಡಾಯವಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

5. ಹುಡುಕಿ ಸಿಗದ ವಸ್ತು. ಪಟ್ಟಿಯಲ್ಲಿ ಹುಡುಕುವ ‘ಫೈಂಡ್’ ಫಂಕ್ಷನ್‌ಗೆ ಏನೂ ಸಿಗದಿದ್ದರೆ ಅದು ಅನ್‌ಡಿಫೈನ್ಡ್ ಕೊಡುತ್ತದೆ. ಪುಟದ ಅಂಗವೊಂದನ್ನು ಐಡಿಯಿಂದ ಹುಡುಕುವ ಫಂಕ್ಷನ್ ಮಾತ್ರ ನಲ್ ಕೊಡುತ್ತದೆ. ಪುಟ ಪೂರ್ತಿ ಮೂಡುವ ಮೊದಲೇ ಸ್ಕ್ರಿಪ್ಟ್ ಓಡಿದರೆ ಹೀಗಾಗುವುದುಂಟು. ಸ್ಕ್ರಿಪ್ಟಿಗೆ ‘ಡಿಫರ್’ ಎಂಬ ಸೂಚನೆ ಸೇರಿಸಿದರೆ ಪರಿಹಾರವಾಗುತ್ತದೆ.

6. ಕಾಯದೆ ಕೇಳುವುದು. ದೂರದ ಸರ್ವರಿನಿಂದ ಮಾಹಿತಿ ಬರಲು ಸಮಯ ಬೇಕು. ‘ಅವೇಟ್’ ಬರೆಯದಿದ್ದರೆ ಕೈಗೆ ಸಿಗುವುದು ಮಾಹಿತಿಯಲ್ಲ, ‘ಪ್ರಾಮಿಸ್’ ಎಂಬ ಭರವಸೆಯ ಚೀಟಿ. ಆ ಚೀಟಿಯೊಳಗೆ ‘ಮಳೆ’ಯನ್ನು ಹುಡುಕಿದರೆ ಅನ್‌ಡಿಫೈನ್ಡ್. ಬೆಳಿಗ್ಗೆ 8.30ಕ್ಕೆ ಮೊದಲೇ ಆ ದಿನದ ಮಳೆಯ ಲೆಕ್ಕ ಕೇಳಿದಂತೆ.

ಕನ್ನಡ ಅಕ್ಷರಗಳ ವಿಶೇಷ ತೊಡಕು

ಕನ್ನಡದಲ್ಲಿ ಮಾಹಿತಿ ಇಡುವವರಿಗೆ ಇಂಗ್ಲಿಷ್ ಪುಸ್ತಕಗಳು ತಿಳಿಸದ ಇನ್ನೂ ಕೆಲವು ಕಾರಣಗಳಿವೆ. ‘ಕೊಡೈಕೆನಾಲ್’ ಎಂಬ ಪದವನ್ನೇ ನೋಡಿ. ಮೊದಲಿನ ‘ಕೊ’ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಇಡಬಹುದು; ಎತ್ವ ಮತ್ತು ಊತ್ವದ ಎರಡು ಸಂಕೇತಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಗಣಕಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಒಂದು ರೂಪದಲ್ಲಿ ಇಟ್ಟು ಇನ್ನೊಂದು ರೂಪದಲ್ಲಿ ಹುಡುಕಿದರೆ ಕಣ್ಣೆದುರಿಗೇ ಇರುವ ಹೆಸರಿಗೆ ‘ಅನ್‌ಡಿಫೈನ್ಡ್’ ಎಂಬ ಉತ್ತರ ಬರುತ್ತದೆ. 2015ರ ಮಾನಕದಲ್ಲಿ ಸೇರಿದ ‘ನಾರ್ಮಲೈಸ್’ ಎಂಬ ಸೌಲಭ್ಯವನ್ನು ಇಡುವಾಗಲೂ ಹುಡುಕುವಾಗಲೂ ಬಳಸಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ.

ಎರಡನೆಯ ತೊಡಕು ಕಣ್ಣಿಗೆ ಕಾಣದ ಜೋಡಣೆಯ ಗುರುತುಗಳದು. ವ್ಯಂಜನಗಳು ಒತ್ತಕ್ಷರವಾಗದೆ ಬಿಡಿಯಾಗಿ ಕಾಣಲೆಂದು ಅರ್ಧಾಕ್ಷರದ ನಂತರ ಅಗಲವಿಲ್ಲದ ಒಂದು ಗುರುತನ್ನು ಹಾಕುತ್ತೇವೆ. ಪದದ ಕೊನೆಯಲ್ಲಿ ಅದು ಅನವಶ್ಯಕವಾಗಿ ಉಳಿದುಬಿಡುವುದುಂಟು. ಹಳೆಯ ಫಾಂಟುಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದಲ್ಲಿಯೂ ಇಂಥವು ಸೇರಿಕೊಂಡಿರಬಹುದು. ‘ನಾರ್ಮಲೈಸ್’ ಇದನ್ನು ತೆಗೆಯುವುದಿಲ್ಲ. ಹುಡುಕಾಟಕ್ಕೆ ಬಳಸುವ ಪ್ರತಿಯಿಂದ ಮಾತ್ರ ಇದನ್ನು ಕಳೆದು, ಓದುಗರಿಗೆ ತೋರಿಸುವ ಪ್ರತಿಯಲ್ಲಿ ಹಾಗೆಯೇ ಉಳಿಸುವುದು ಒಳಿತು. ಇಲ್ಲವಾದರೆ ಕಾಗುಣಿತ ಕೆಡುತ್ತದೆ.

ಮೂರನೆಯದು ಅಂಕಿಗಳದು. ‘೧೨’ ಎಂಬ ಕನ್ನಡ ಅಂಕಿಯನ್ನು ಜಾವಾಸ್ಕ್ರಿಪ್ಟಿನ ‘ನಂಬರ್’ ಫಂಕ್ಷನ್ ಸಂಖ್ಯೆಯೆಂದು ಗುರುತಿಸುವುದಿಲ್ಲ, ನ್ಯಾನ್ ಎನ್ನುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದ ಪಟ್ಟಿಯನ್ನು ಮೊದಲು 0ರಿಂದ 9ರ ಅಂಕಿಗಳಿಗೆ ಬದಲಿಸಿಕೊಂಡು ನಂತರ ಲೆಕ್ಕಕ್ಕೆ ಕೊಡಬೇಕು.

ಪರಿಹಾರಗಳು ಮತ್ತು ಅವುಗಳ ಮಿತಿ

ಬಹುಕಾಲ ಚಾಲ್ತಿಯಲ್ಲಿದ್ದ ಉಪಾಯ ಎರಡು ಲಂಬ ಗೆರೆಗಳದು:

ದಿನ.ಪ್ರಮಾಣ || "ದಾಖಲೆ ಇಲ್ಲ"

ಎಡಗಡೆಯದು ಖಾಲಿಯಾಗಿದ್ದರೆ ಬಲಗಡೆಯದನ್ನು ತೆಗೆದುಕೋ ಎಂಬುದು ಇದರ ಆಶಯ. ಆದರೆ ಜಾವಾಸ್ಕ್ರಿಪ್ಟ್ ಇಲ್ಲಿ ಸೊನ್ನೆಯನ್ನೂ ಖಾಲಿಯೆಂದೇ ಎಣಿಸುತ್ತದೆ. ಮಂಗಳವಾರದ ನಿಜವಾದ ಸೊನ್ನೆಯೂ ‘ದಾಖಲೆ ಇಲ್ಲ’ವಾಗುತ್ತದೆ. ಅಳೆದು ಬರೆದವರ ಶ್ರಮ ವ್ಯರ್ಥ.

2020ರ ಮಾನಕ ಇದಕ್ಕೆಂದೇ ಎರಡು ಪ್ರಶ್ನಾರ್ಥಕ ಚಿಹ್ನೆಗಳ ಗುರುತನ್ನು ತಂದಿತು:

ದಿನ.ಪ್ರಮಾಣ ?? "ದಾಖಲೆ ಇಲ್ಲ"

ಎಡಗಡೆ ನಲ್ ಅಥವಾ ಅನ್‌ಡಿಫೈನ್ಡ್ ಇದ್ದಾಗ ಮಾತ್ರ ಇದು ಬಲಕ್ಕೆ ಹೋಗುತ್ತದೆ. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಅದೇ ವರ್ಷ ಬಂದ ಇನ್ನೊಂದು ಸೌಲಭ್ಯ ಪ್ರಶ್ನಾರ್ಥಕ ಚಿಹ್ನೆಯೊಡನೆ ಚುಕ್ಕೆ:

ದಿನ?.ಮಳೆ?.ಪ್ರಮಾಣ

ದಾರಿಯಲ್ಲಿ ಎಲ್ಲಿ ಖಾಲಿ ಸಿಕ್ಕರೂ ಪ್ರೋಗ್ರಾಂ ನಿಲ್ಲದೆ ಅನ್‌ಡಿಫೈನ್ಡ್ ಹಿಂದಿರುಗಿಸುತ್ತದೆ. ಉಪಯುಕ್ತವೇ ಹೌದು. ಆದರೆ ಕೆಂಪು ಸಂದೇಶ ಕಂಡಲ್ಲೆಲ್ಲ ಇದನ್ನು ಅಂಟಿಸುವ ಅಭ್ಯಾಸ ಒಳ್ಳೆಯದಲ್ಲ. ಖಾಲಿ ಇರಬಹುದಾದ ಜಾಗದಲ್ಲಿ ಬಳಸಿದರೆ ಅದು ವಿವೇಕ. ಖಾಲಿ ಇರಲೇಬಾರದ ಜಾಗದಲ್ಲಿ ಬಳಸಿದರೆ ದೋಷವನ್ನು ಮುಂದಿನ ಸಾಲಿಗೆ ತಳ್ಳಿದಂತೆ. ಬುಧವಾರದ ಮಳೆ ಇಲ್ಲದಿರಬಹುದು. ‘ದಿನ’ವೇ ಇಲ್ಲವೆಂದರೆ ಪಟ್ಟಿ ಓದಿದ ರೀತಿಯಲ್ಲಿಯೇ ತಪ್ಪಿದೆ, ಅಲ್ಲಿ ಪ್ರೋಗ್ರಾಂ ನಿಲ್ಲುವುದೇ ಮೇಲು.

ಫಂಕ್ಷನ್‌ಗಳಿಗೆ ಕೊಡುವ ಪೂರ್ವನಿಶ್ಚಿತ ಮೌಲ್ಯದ ಬಗೆಗೂ ಒಂದು ಮಾತು. 2015ರಿಂದ ಲಭ್ಯವಿರುವ ಈ ಸೌಲಭ್ಯ ಅನ್‌ಡಿಫೈನ್ಡ್ ಬಂದಾಗ ಮಾತ್ರ ಕೆಲಸ ಮಾಡುತ್ತದೆ. ನಲ್ ಬಂದರೆ ನಲ್ ಹಾಗೆಯೇ ಒಳಹೋಗುತ್ತದೆ.

ದೊಡ್ಡ ಯೋಜನೆಗಳಲ್ಲಿ 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಟೈಪ್‌ಸ್ಕ್ರಿಪ್ಟ್ ನೆರವಾಗುತ್ತದೆ. 2016ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯಿಂದ, ಯಾವ ಮೌಲ್ಯ ಖಾಲಿ ಇರಬಹುದೆಂಬುದನ್ನು ಮೊದಲೇ ಬರೆದಿಡುವಂತೆ ಅದು ಒತ್ತಾಯಿಸಬಲ್ಲದು. ಕೋಡ್ ಓಡುವ ಮೊದಲೇ ಎಚ್ಚರಿಕೆ ದೊರೆಯುತ್ತದೆ. ಆದರೆ ಹೊರಗಿನಿಂದ ಬರುವ ಮಾಹಿತಿಯನ್ನು ಅದು ಪರೀಕ್ಷಿಸಲಾರದು. ಆ ಕೆಲಸ ನಮ್ಮದೇ.

ಸದ್ದಿಲ್ಲದೆ ಸೊನ್ನೆಯಾಗುವ ದಾರಿಗಳು

ಕೆಂಪು ಸಂದೇಶ ಬರುವ ದೋಷಗಳನ್ನು ಹೇಗೋ ಕಂಡುಹಿಡಿಯಬಹುದು. ಸಂದೇಶವೇ ಬಾರದವು ಕಷ್ಟ. ನಮ್ಮ ವಾರದ ಪಟ್ಟಿಯನ್ನೇ ತೆಗೆದುಕೊಳ್ಳಿ.

ಬುಧವಾರ ಅನ್‌ಡಿಫೈನ್ಡ್ ಆಗಿರುವ ಅರೇಯನ್ನು ‘ಜೆಸಾನ್’ ರೂಪದಲ್ಲಿ ಉಳಿಸಿದರೆ, ಆ ರೂಪದಲ್ಲಿ ಅನ್‌ಡಿಫೈನ್ಡ್‌ಗೆ ಸ್ಥಾನವಿಲ್ಲವಾದ್ದರಿಂದ ಅದು ನಲ್ ಆಗಿ ಬದಲಾಗುತ್ತದೆ. ಮತ್ತೆ ತೆರೆದು ಕೂಡಿಸಿದರೆ ನಲ್ ಸೊನ್ನೆಯಾಗುತ್ತದೆ. ಉಳಿಸುವ ಮುನ್ನ ಮೊತ್ತ ನ್ಯಾನ್. ಉಳಿಸಿ ತೆರೆದ ಮೇಲೆ 72. ದೋಷ ತಾನಾಗಿ ಸರಿಹೋಯಿತೆಂದು ಸಂತೋಷಪಡುವವರೂ ಉಂಟು. ಸರಿಹೋದದ್ದೇನೂ ಇಲ್ಲ.

ಎರಡನೆಯ ದಾರಿ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಿಎಸ್‌ವಿ ಕಡತಗಳದು. ಅಲ್ಲಿನ ಖಾಲಿ ಮನೆ ಏನೂ ಬರೆಯದ ಪದವಾಗಿ ಒಳಬರುತ್ತದೆ. ಅದನ್ನು ‘ನಂಬರ್’ ಫಂಕ್ಷನ್‌ಗೆ ಕೊಟ್ಟರೆ ಉತ್ತರ ಸೊನ್ನೆ! ‘ಪಾರ್ಸ್‌ಫ್ಲೋಟ್’ ಫಂಕ್ಷನ್‌ಗೆ ಕೊಟ್ಟರೆ ನ್ಯಾನ್. ಒಂದೇ ಖಾಲಿ ಮನೆಗೆ ಎರಡು ಫಂಕ್ಷನ್‌ಗಳಿಂದ ಎರಡು ಅರ್ಥ. ಆದ್ದರಿಂದ ಸಂಖ್ಯೆಗೆ ಬದಲಿಸುವ ಮುನ್ನವೇ ಮನೆ ಖಾಲಿಯೇ ಎಂದು ಪ್ರತ್ಯೇಕವಾಗಿ ಕೇಳಬೇಕು.

ಪರಿಣಾಮವನ್ನು ಲೆಕ್ಕ ಹಾಕೋಣ. ದಾಖಲಾದ ಆರು ದಿನಗಳ ಮೊತ್ತ 72 ಮಿ.ಮೀ.; ದಿನದ ಸರಾಸರಿ 12. ಬುಧವಾರವನ್ನು ಸೊನ್ನೆಯೆಂದು ಸೇರಿಸಿ ಏಳರಿಂದ ಭಾಗಿಸಿದರೆ ಸರಾಸರಿ ಸುಮಾರು 10.3. ಮೊದಲನೆಯದು ನಮಗೆ ತಿಳಿದಷ್ಟನ್ನು ಹೇಳುತ್ತದೆ. ಎರಡನೆಯದು ತಿಳಿಯದ ಒಂದು ದಿನದ ಬಗೆಗೆ ‘ಮಳೆ ಬರಲಿಲ್ಲ’ ಎಂದು ಸುಳ್ಳು ಹೇಳುತ್ತದೆ. ಬುಧವಾರವೇ ಆ ವಾರದ ಅತಿ ಹೆಚ್ಚು ಮಳೆಯ ದಿನವಾಗಿದ್ದಿರಲೂ ಬಹುದು. ಮಳೆ ಜೋರಾಗಿ ಸುರಿದ ದಿನವೇ ಅಳತೆ ತಪ್ಪಿಹೋಗುವ ಸಂಭವವೂ ಹೆಚ್ಚು.

ಸರಿಯಾದ ವರದಿ ಹೀಗಿರಬೇಕು: ‘ಮೊತ್ತ 72 ಮಿ.ಮೀ., ಆರು ದಿನಗಳ ದಾಖಲೆಯ ಆಧಾರದಲ್ಲಿ. ಒಂದು ದಿನದ ದಾಖಲೆ ಇಲ್ಲ.’ ಇದಕ್ಕಾಗಿ ಪ್ರೋಗ್ರಾಂ ಮೊತ್ತದ ಜೊತೆಗೆ ಎಷ್ಟು ದಿನಗಳ ದಾಖಲೆ ಸಿಕ್ಕಿತೆಂಬ ಎಣಿಕೆಯನ್ನೂ ಇಟ್ಟುಕೊಳ್ಳಬೇಕು. ಪ್ರತಿ ಮೌಲ್ಯವನ್ನೂ ‘ನಂಬರ್.ಈಸ್‌ಫೈನೈಟ್’ ಎಂಬ ಪರೀಕ್ಷೆಗೆ ಒಡ್ಡಿದರೆ ಸೊನ್ನೆ ಉತ್ತೀರ್ಣವಾಗುತ್ತದೆ. ನಲ್, ಅನ್‌ಡಿಫೈನ್ಡ್, ನ್ಯಾನ್ ಮೂರೂ ಹೊರಗುಳಿಯುತ್ತವೆ.

ಹೆಸರಿನ ಕಾಲಂ

ಮಳೆಯ ಪಟ್ಟಿಯಲ್ಲಿ ಕಂಡದ್ದು ಸದಸ್ಯರ ಪಟ್ಟಿಯಲ್ಲಿಯೂ ಕಾಣುತ್ತದೆ. ಮದರಾಸಿನಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವಷ್ಟೇ ಉಂಟು. ಪಾಶ್ಚಾತ್ಯ ಮಾದರಿಯ ಅರ್ಜಿಗಳು ಹೆಸರನ್ನು ಎರಡು ಪದಗಳೆಂದು ಭಾವಿಸಿ, ನಡುವಿನ ಖಾಲಿ ಜಾಗದಲ್ಲಿ ಒಡೆದು, ಎರಡನೆಯ ತುಂಡನ್ನು ಮನೆತನದ ಹೆಸರೆಂದು ತೆಗೆದುಕೊಳ್ಳುತ್ತವೆ. ಒಂದೇ ಪದದ ಹೆಸರಿಗೆ ಎರಡನೆಯ ತುಂಡೇ ಇಲ್ಲ. ಅದನ್ನು ಪದಕ್ಕೆ ಜೋಡಿಸಿದಾಗ ಜಾವಾಸ್ಕ್ರಿಪ್ಟ್ ನಿಲ್ಲುವುದೂ ಇಲ್ಲ. ಅನ್‌ಡಿಫೈನ್ಡ್ ಎಂಬ ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನೇ ಹೆಸರಿನ ಮುಂದೆ ಮುದ್ರಿಸುತ್ತದೆ. ಆಹ್ವಾನ ಪತ್ರಿಕೆಯ ಮೇಲೆ ಹಿರಿಯರೊಬ್ಬರ ಹೆಸರು ಹಾಗೆ ಅಚ್ಚಾದರೆ ಅದು ತಾಂತ್ರಿಕ ದೋಷವಾಗಿ ಮಾತ್ರ ಉಳಿಯುವುದಿಲ್ಲ.

ಇಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ ಖಾಲಿ ಪದ ತುಂಬಿದರೆ ಅಚ್ಚು ಸರಿಹೋಗುತ್ತದೆ. ಆದರೆ ‘ಮನೆತನದ ಹೆಸರು ಕಡ್ಡಾಯ’ ಎಂಬ ಮೂಲ ತಪ್ಪು ಹಾಗೆಯೇ ಉಳಿಯುತ್ತದೆ. ಪೂರ್ಣ ಹೆಸರಿಗೆ ಒಂದೇ ಕಾಲಂ ಇಟ್ಟು, ಸದಸ್ಯರು ಬರೆದಂತೆಯೇ ಅಚ್ಚು ಹಾಕುವುದು ನಿಜವಾದ ಪರಿಹಾರ. ಈ ಹೆಸರಿನಲ್ಲಿ ಎರಡನೆಯ ಭಾಗ ಕಳೆದುಹೋಗಿಲ್ಲ. ಅದು ಎಂದೂ ಇರಲಿಲ್ಲ.

ಪರಿಶೀಲನಾ ಕ್ರಮ

ಅನ್‌ಡಿಫೈನ್ಡ್ ದೋಷ ಎದುರಾದಾಗ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಸಂದೇಶವನ್ನು ಪೂರ್ತಿ ಓದಿರಿ. ‘ಅನ್‌ಡಿಫೈನ್ಡ್’ ಎಂದಿದೆಯೇ, ‘ನಾಟ್ ಡಿಫೈನ್ಡ್’ ಎಂದಿದೆಯೇ, ‘ನಲ್’ ಎಂದಿದೆಯೇ ಎಂದು ಮೊದಲು ಗುರುತಿಸಿ.

2. ಹೆಸರಿಸಿದ ಪ್ರಾಪರ್ಟಿಯ ಎಡಗಡೆಯ ಚುಕ್ಕೆಗಿಂತ ಹಿಂದಿರುವುದನ್ನು ಕನ್ಸೋಲಿನಲ್ಲಿ ಮುದ್ರಿಸಿ ನೋಡಿ.

3. ಆ ಮೌಲ್ಯ ಎಲ್ಲಿಂದ ಬಂದಿತೆಂದು ಹಿಂದಕ್ಕೆ ಹೋಗಿ. ಮೇಲೆ ಹೇಳಿದ ಆರು ಕಾರಣಗಳಲ್ಲಿ ಯಾವುದೆಂದು ನೋಡಿ. ಹೆಸರು ಕನ್ನಡದಲ್ಲಿದ್ದರೆ ಅಕ್ಷರಗಳ ರೂಪವನ್ನೂ ಪರೀಕ್ಷಿಸಿ.

4. ಅಲ್ಲಿ ಖಾಲಿ ಇರುವುದು ಸಹಜವೇ ಎಂದು ಕೇಳಿಕೊಳ್ಳಿ. ಸಹಜವಲ್ಲದಿದ್ದರೆ ಮೌಲ್ಯ ಬರುವ ಜಾಗವನ್ನೇ ಸರಿಪಡಿಸಿ.

5. ಸಹಜವಾಗಿದ್ದರೆ, ಅದರ ಅರ್ಥವನ್ನು ನಿರ್ಧರಿಸಿ: ಅಳೆದಿಲ್ಲವೇ, ಇನ್ನೂ ಬಂದಿಲ್ಲವೇ, ಅನ್ವಯಿಸುವುದಿಲ್ಲವೇ? ಆ ಅರ್ಥವನ್ನು ಮಾಹಿತಿ ಒಳಬರುವ ಬಾಗಿಲಿನಲ್ಲಿಯೇ ಗುರುತು ಹಾಕಿ ಒಳಬಿಡಿ.

6. ಕೊನೆಗೆ ನಾಲ್ಕು ಮೌಲ್ಯಗಳಿಂದ ಕೋಡನ್ನು ಪರೀಕ್ಷಿಸಿ: ಸಾಮಾನ್ಯ ಸಂಖ್ಯೆ, ಸೊನ್ನೆ, ನಲ್, ಅನ್‌ಡಿಫೈನ್ಡ್. ಸೊನ್ನೆಗೂ ಉಳಿದೆರಡಕ್ಕೂ ಒಂದೇ ಉತ್ತರ ಬಂದರೆ ಕೆಲಸ ಇನ್ನೂ ಮುಗಿದಿಲ್ಲ.

ಮನೆಯಲ್ಲಿ ಕಲಿಯುವ ಮಕ್ಕಳಿದ್ದರೆ ಒಂದು ಸಣ್ಣ ಅಭ್ಯಾಸವನ್ನು ಸೂಚಿಸಬಯಸುತ್ತೇವೆ. ಮುಂದಿನ ಈಶಾನ್ಯ ಮಾರುತದ ಒಂದು ವಾರ ನುಂಗಂಬಾಕ್ಕಂ ಕೇಂದ್ರದ ಮಳೆಯ ಅಂಕಿಗಳನ್ನು ಪ್ರತಿದಿನ ಬರೆದಿಟ್ಟುಕೊಳ್ಳಲಿ. ಬೇಕೆಂದೇ ಒಂದು ದಿನವನ್ನು ಬಿಡಲಿ. ನಂತರ ಆ ಪಟ್ಟಿಯ ಮೊತ್ತ ಹಾಗೂ ಸರಾಸರಿ ಹೇಳುವ ಪುಟ್ಟ ಪ್ರೋಗ್ರಾಂ ಬರೆದು, ಬಿಟ್ಟ ದಿನದ ಬಗೆಗೆ ಅದು ಏನು ಹೇಳುತ್ತದೆಂದು ನೋಡಲಿ. ಪ್ರೋಗ್ರಾಂ ‘ಆ ದಿನದ ದಾಖಲೆ ಇಲ್ಲ’ ಎಂದು ತಾನಾಗಿ ಹೇಳುವಂತಾದಾಗ ಈ ಲೇಖನದ ಸಾರವೆಲ್ಲ ಅವರ ಕೈಗೆ ಬಂದಂತೆಯೇ.